ಗವಿ ಗಂಗಾಧರೇಶ್ವರನಿಗೆ ವರ್ಷಕ್ಕೆ ಎರಡು ಸಲ ಬಿಸಿಲು

ಓದುಗರ ಪ್ರಶ್ನೆ: ಲಾಲ್‌ಬಾಗ್, ಕಬ್ಬನ್ ಪಾರ್ಕ್, ಅರಮನೆ ಎಲ್ಲ ನೋಡಿಯಾಯ್ತು. ಊರಿಂದ ಅತ್ತೆ-ಮಾವ ಬರ್ತಿದ್ದಾರೆ, ಜೊತೆಗೆ ಮಕ್ಕಳಿದ್ದಾರೆ. ಬೆಂಗಳೂರಲ್ಲಿ ಸ್ವಲ್ಪ ವಿಚಿತ್ರವಾದದ್ದು, ಎಲ್ಲರೂ ತೋರಿಸದೇ ಇರೋದು ಏನಾದ್ರೂ ಇದೆಯಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಉತ್ತರವೇನೂ ಬದಲಾಗಿಲ್ಲ. ನಿಮ್ಹಾನ್ಸ್‌ನಲ್ಲಿರುವ ಮಿದುಳಿನ ಮ್ಯೂಸಿಯಂಗೆ ಹೋಗಿ. ಅಲ್ಲಿ ನಿಜವಾದ ಮನುಷ್ಯನ ಮಿದುಳನ್ನು ಮುಟ್ಟಿ ನೋಡಬಹುದು, ಮಕ್ಕಳು ಅದನ್ನು ಮರೆಯುವುದಿಲ್ಲ. ಲಾಲ್‌ಬಾಗ್ ನೋಡಿಯಾಯ್ತು ಅನ್ನುವವರಲ್ಲಿ ಮುಕ್ಕಾಲು ಮಂದಿ ಕೆಂಪೇಗೌಡ ಗೋಪುರದ ಪಕ್ಕ ಫೋಟೊ ತೆಗೆಸಿಕೊಂಡು ಇಳಿದವರೇ. ಅವರು ನಿಂತಿದ್ದ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಅಲ್ಲೇ ಫಲಕವಿದೆ. ಇನ್ನೊಮ್ಮೆ ಹೋಗಿ, ಈ ಸಲ ಬಂಡೆ ನೋಡಿ.

ಆದರೆ ಒಂದೇ ಜಾಗಕ್ಕೆ ಹೊತ್ತಿದೆ ಅಂದರೆ ನಾನು ಕಳಿಸುವುದು ಗವಿಪುರದ ಗಂಗಾಧರೇಶ್ವರನ ಗುಡಿಗೆ. ಬಂಡೆಯ ಹೊಟ್ಟೆಯೊಳಗಿನ ಗುಡಿ ಅದು. ಪ್ರದಕ್ಷಿಣೆ ಹಾಕಬೇಕಾದರೆ ಬೆನ್ನು ಬಾಗಿಸಿಯೇ ನಡೆಯಬೇಕು, ಎತ್ತರದವರು ತಲೆ ಜೋಪಾನ. ಒಳಗೆ ಎರಡು ತಲೆ, ಏಳು ಕೈ, ಮೂರು ಕಾಲಿನ ಅಗ್ನಿಯ ಮೂರ್ತಿಯಿದೆ. ಅಂಗಳದಲ್ಲಿ ಕಲ್ಲಿನ ತ್ರಿಶೂಲ, ಡಮರು, ಕಂಬದ ಮೇಲೆ ಕೂರಿಸಿದ ಎರಡು ದೊಡ್ಡ ಕಲ್ಲಿನ ಬಿಲ್ಲೆಗಳು: ಸೂರ್ಯಪಾನ, ಚಂದ್ರಪಾನ.

ಇಷ್ಟು ಹೇಳುವಷ್ಟರಲ್ಲಿ ಮರುಪ್ರಶ್ನೆ ಬಂದೇ ಬರುತ್ತದೆ. "ಲಿಂಗದ ಮೇಲೆ ಬಿಸಿಲು ಬೀಳೋ ದೇವಸ್ಥಾನ ತಾನೇ? ಅದು ಸಂಕ್ರಾಂತಿ ದಿನ ಒಂದೇ ದಿನ ಅಲ್ವಾ ಸಾರ್, ಈಗ ಹೋಗಿ ಏನು ಪ್ರಯೋಜನ?"

ಒಂದೇ ದಿನ ಅಲ್ಲ. ಸಂಕ್ರಾಂತಿಗೆ ಮಾತ್ರವೂ ಅಲ್ಲ. ಪ್ರತಿ ಜನವರಿಯಲ್ಲಿ ಟಿವಿಯವರು "ವರ್ಷಕ್ಕೊಮ್ಮೆ ನಡೆಯುವ ಕೌತುಕ" ಅನ್ನುತ್ತಾರೆ, ನಾನು ಪ್ರತಿ ಜನವರಿಯಲ್ಲೂ ಇದನ್ನೇ ಬರೆಯುತ್ತೇನೆ.

ಮೊದಲು ಲೆಕ್ಕ. ಸೂರ್ಯ ಮುಳುಗುವ ಜಾಗ ದಿನದಿನಕ್ಕೆ ಸರಿಯುತ್ತದೆ. ಮನೆ ಮಹಡಿಯಿಂದ ನೋಡುವ ಯಾರಿಗೂ ಇದು ಗೊತ್ತು. ದಕ್ಷಿಣಕ್ಕೆ ಸರಿಯುತ್ತ ಸರಿಯುತ್ತ ಡಿಸೆಂಬರ್ 21ರ ಹೊತ್ತಿಗೆ ಕೊನೆ ಮುಟ್ಟಿ, ಅಲ್ಲಿಂದ ಉತ್ತರಕ್ಕೆ ವಾಪಸ್ ಹೊರಡುತ್ತದೆ. ಕೊನೆ ಸ್ಟಾಪ್‌ಗೆ ಹೋಗುವ ಬಸ್ಸು ನಡುವಿನ ಸ್ಟಾಪನ್ನು ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ದಾಟುತ್ತದಲ್ಲ, ಹಾಗೆ. ಜನವರಿ 14 ಅಂದರೆ ಡಿಸೆಂಬರ್ 21 ಆಗಿ 24 ದಿನ. 24 ದಿನ ಹಿಂದಕ್ಕೆ ಎಣಿಸಿ: ನವೆಂಬರ್ 27. ಆ ಎರಡೂ ಸಂಜೆ ಸೂರ್ಯನ ದಾರಿ ಹೆಚ್ಚುಕಡಿಮೆ ಒಂದೇ. ಸಂಜೆ ಬಿಸಿಲು ಒಳಗೆ ಬರುವ ಕಿಟಕಿ ಅದೇ, ಅದು ಹಾಯುವ ನಂದಿಯ ಕೊಂಬಿನ ಸಂದಿ ಅದೇ, ಲಿಂಗ ಅದೇ. ಬಿಸಿಲು ಒಂದು ತಿಂಗಳಲ್ಲಿ ಬಂದು ಇನ್ನೊಂದರಲ್ಲಿ ಬಾರದೆ ಇರಲು ಸಾಧ್ಯವೇ ಇಲ್ಲ.

ಇದು ನನ್ನೊಬ್ಬನ ಲೆಕ್ಕವಲ್ಲ. ಆಗ ನಮ್ಮ ನೆಹರು ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿ 2008ರಲ್ಲಿ ಪ್ರಕಟಿಸಿದ್ದಾರೆ. ಜನವರಿ 13ರಿಂದ 16ರವರೆಗೆ ಒಮ್ಮೆ, ನವೆಂಬರ್ 26ರಿಂದ ಡಿಸೆಂಬರ್ 2ರವರೆಗೆ ಇನ್ನೊಮ್ಮೆ ಇಳಿಬಿಸಿಲು ಲಿಂಗವನ್ನು ಮುಟ್ಟುತ್ತದೆ. ಅವರು ಇನ್ನೊಂದು ಕೆಲಸವನ್ನೂ ಮಾಡಿದರು. 1792ರಲ್ಲಿ ಇಂಗ್ಲಿಷ್ ಚಿತ್ರಕಾರರಾದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಇಲ್ಲಿ ಬಿಡಿಸಿದ ಚಿತ್ರಗಳನ್ನು ಈಗಿನ ಗುಡಿಯ ಜೊತೆ ಹೋಲಿಸಿದರು. ಆಗ ಇಷ್ಟು ಕಟ್ಟಡವಿರಲಿಲ್ಲ. ಅಂದರೆ ಈಗ ನಾವು ನೋಡುವ ಬೆಳಕಿನ ದಾರಿಯನ್ನು ಆಮೇಲೆ ಎದ್ದ ಗೋಡೆಗಳೂ ತಿದ್ದಿವೆ. ಇದರಿಂದ ಗುಡಿಯ ಹಿರಿಮೆ ಕಡಿಮೆಯಾಗುತ್ತದೆ ಅಂತ ಬೇಸರ ಪಡುವವರಿದ್ದಾರೆ. ಬಂಡೆಯೊಳಗಿನ ಕತ್ತಲೆಗೆ ಸೂರ್ಯನನ್ನು ಲೆಕ್ಕ ಹಾಕಿ ಕರೆತಂದವರ ಮೇಲೆ ನನಗಂತೂ ಗೌರವ ಇಮ್ಮಡಿಯಾಯಿತು.

ಹೋದ ವರ್ಷ ನವೆಂಬರ್ ಕೊನೆಯಲ್ಲಿ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಒಳಗೆ ಏಳೆಂಟು ಜನ, ಅಷ್ಟೆ. ಎಣ್ಣೆ ದೀಪದ ವಾಸನೆ, ಕಾಲಡಿಗೆ ತಣ್ಣನೆಯ ಕಲ್ಲು. ಬಿಸಿಲಿನ ತುಂಡೊಂದು ನಂದಿಯ ಬೆನ್ನಿನ ಮೇಲೆ ಇತ್ತು. ಅದು ಸರಿಯುವುದು ಕಣ್ಣಿಗೆ ಕಾಣುವುದಿಲ್ಲ, ಒಂದು ಸಲ ಬೇರೆ ಕಡೆ ನೋಡಿ ತಿರುಗಿದರೆ ಮುಂದಕ್ಕೆ ಹೋಗಿರುತ್ತದೆ. ಕೊಂಬಿನ ಸಂದಿಗೆ ಬಂದಾಗ ಹುಡುಗಿ ನನ್ನ ಕೈ ಹಿಡಿದುಕೊಂಡು, "ಮಾಮ, ಇವತ್ತು ಸಂಕ್ರಾಂತಿ ಅಲ್ವಲ್ಲ?" ಅಂದಳು. ಅಲ್ಲ ಪುಟ್ಟಿ, ಅಂದೆ. ಲಿಂಗದ ಮೇಲಿನ ಬೆಳ್ಳಿ ಒಮ್ಮೆಗೇ ಕೆಂಪಗೆ ಹೊಳೆಯಿತು. ಸಂಕ್ರಾಂತಿಯ ದಿನ ಇದನ್ನೇ ಹೊರಗೆ ಪರದೆಯ ಮೇಲೆ ನೋಡಲು ಸಾವಿರಾರು ಜನ ಕುತ್ತಿಗೆ ಉದ್ದ ಮಾಡಿರುತ್ತಾರೆ.

ಹೋಗುವವರಿಗೆ ಒಂದು ಕಿವಿಮಾತು. ನವೆಂಬರ್ ಕೊನೆಯಲ್ಲಿ ನಮ್ಮಲ್ಲಿ ಸೂರ್ಯಾಸ್ತ 5.50ರ ಸುಮಾರಿಗೆ, ಸಂಕ್ರಾಂತಿಗೆ 6.10ರ ಸುಮಾರಿಗೆ. ಹಾಗಾಗಿ ಸಂಕ್ರಾಂತಿಯ ಹೊತ್ತಿಗಿಂತ 20 ನಿಮಿಷ ಮೊದಲೇ ಬಿಸಿಲು ಬಂದು ಹೋಗುತ್ತದೆ. ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಅಂತ ಬೆಳಿಗ್ಗೆಯೇ ವಿಚಾರಿಸಿಕೊಳ್ಳಿ. ಮೋಡವಿದ್ದರೆ ಕಾಣುವುದಿಲ್ಲ. ಅದು ಅಪಶಕುನವಲ್ಲ, ಮೋಡ. ಕಾರ್ತಿಕದ ಕೊನೆ ಸೋಮವಾರದ ಕಡಲೆಕಾಯಿ ಪರಿಷೆ ಕೆಲವು ವರ್ಷ ಇದೇ ಆಸುಪಾಸಿಗೆ ಬೀಳುತ್ತದೆ, 2024ರಲ್ಲಿ ನವೆಂಬರ್ 25ಕ್ಕೆ ಇತ್ತು. ಅಂಥ ವರ್ಷ ಗುಡಿಯಿಂದ ನಡೆದುಕೊಂಡೇ ಬಸವನಗುಡಿಗೆ ಹೋಗಿ ಹುರಿದ ಕಡಲೆಕಾಯಿ ಕೊಂಡುಕೊಳ್ಳಬಹುದು.

ಯಾರೂ ಕೇಳದಿದ್ದರೂ ಇನ್ನೊಂದನ್ನು ಹೇಳಿಬಿಡುತ್ತೇನೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21ಕ್ಕಾದರೆ ಉತ್ತರಾಯಣವನ್ನು ನಾವು ಜನವರಿ 14ಕ್ಕೆ ಯಾಕೆ ಮಾಡುತ್ತೇವೆ? ನಮ್ಮ ಸಂಕ್ರಾಂತಿಯ ಲೆಕ್ಕ ನಕ್ಷತ್ರಗಳದ್ದು, ಋತುವಿನದ್ದಲ್ಲ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ತಲೆದೂಗುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಅದರಿಂದ ಎರಡು ಲೆಕ್ಕಗಳ ನಡುವೆ 72 ವರ್ಷಕ್ಕೆ ಹೆಚ್ಚುಕಡಿಮೆ ಒಂದು ದಿನ ವ್ಯತ್ಯಾಸ ಬೀಳುತ್ತ ಬಂದಿದೆ. ಸುಮಾರು 1,700 ವರ್ಷದ ಹಿಂದೆ ಎರಡೂ ಒಂದೇ ದಿನವಿದ್ದವು. ಈಗೀಗ ಸಂಕ್ರಾಂತಿ ಕೆಲವು ವರ್ಷ 15ಕ್ಕೆ ಬರುತ್ತಿದೆ, 2024ರಲ್ಲಿ ಬಂದ ಹಾಗೆ.

ಗವಿಯ ಬಿಸಿಲು ಮಾತ್ರ ಋತುವಿನ ಲೆಕ್ಕದ್ದು, ಅದು ಸರಿಯುವುದಿಲ್ಲ. ಇನ್ನು 300 ವರ್ಷಕ್ಕೆ ಸಂಕ್ರಾಂತಿ ಜನವರಿ 18, 19ಕ್ಕೆ ಹೋಗಿರುತ್ತದೆ. ಆ ಸಂಜೆ ಎಳ್ಳುಬೆಲ್ಲ ಹಿಡಿದು ಗವಿಪುರಕ್ಕೆ ಬಂದವರಿಗೆ ಲಿಂಗದ ಮೇಲೆ ಬಿಸಿಲು ಕಾಣುವುದಿಲ್ಲ. ಅದು ಎರಡು ಮೂರು ದಿನದ ಹಿಂದೆಯೇ ಬಂದು ಹೋಗಿರುತ್ತದೆ.