ಗದ್ದಲದಿಂದ ಖಾಲಿ ಜಾಗದತ್ತ: ಜಾಯ್ ಡಿವಿಷನ್‌ನ ನಾದ ಬದಲಾದ ಬಗೆ

1976ರ ಜೂನ್ 4ರಂದು ಮ್ಯಾಂಚೆಸ್ಟರಿನ ಲೆಸ್ಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಪಂಕ್ ರಾಕ್ ತಂಡ ಸೆಕ್ಸ್ ಪಿಸ್ಟಲ್ಸ್ ನಡೆಸಿದ ಕಛೇರಿಗೆ ಬಂದಿದ್ದವರು ಬಹಳ ಕಡಿಮೆ. ಅಂದು ಅಲ್ಲಿದ್ದೆವೆಂದು ಆಮೇಲೆ ಹೇಳಿಕೊಂಡವರೆಲ್ಲ ನಿಜಕ್ಕೂ ಬಂದಿದ್ದರೆ ಆ ಸಭಾಂಗಣ ಸಾಲುತ್ತಿರಲಿಲ್ಲ. ನಿಜವಾಗಿ ಬಂದಿದ್ದವರಲ್ಲಿ, ಮುಂದೆ ಜಾಯ್ ಡಿವಿಷನ್ ಎಂದು ಹೆಸರಾದ ರಾಕ್ ತಂಡವನ್ನು ಕಟ್ಟಿದ ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್ ಎಂಬ ಇಬ್ಬರು ಶಾಲಾ ಗೆಳೆಯರಿದ್ದರು. ಹುಕ್ ಮರುದಿನವೇ ತಗ್ಗಿನ ಸ್ವರಗಳ ಒಂದು ಬೇಸ್ ಗಿಟಾರ್ ಕೊಂಡರು. ಗಾಯಕ ಇಯಾನ್ ಕರ್ಟಿಸ್ ಬಂದು ಸೇರಿದ ಮೇಲೆ, ಡೇವಿಡ್ ಬೋವಿಯ ಒಂದು ರಚನೆಯಿಂದ 'ವಾರ್ಸಾ' ಎಂಬ ಹೆಸರನ್ನು ಪಡೆದ ಈ ತಂಡ 1977ರ ಮೇ 29ರಂದು ಮೊದಲ ಬಾರಿಗೆ ವೇದಿಕೆ ಏರಿತು. ಡ್ರಮ್ಸ್ ವಾದಕ ಸ್ಟೀಫನ್ ಮೋರಿಸ್ ಅದೇ ವರ್ಷ ಜೊತೆಯಾದರು.

ಆಗಿನ ಹಾಡುಗಳು ವೇಗ, ಅಬ್ಬರ ಮತ್ತು ಸಿಟ್ಟನ್ನು ನಂಬಿದ್ದ ಅಪ್ಪಟ ಪಂಕ್. ಆದರೆ 1977ರ ಡಿಸೆಂಬರಿನಲ್ಲಿ ತಂಡ ಸ್ವಂತವಾಗಿ ಮುದ್ರಿಸಿಕೊಂಡ ನಾಲ್ಕು ಹಾಡುಗಳ ಗಾನತಟ್ಟೆಯಲ್ಲೇ, ಹಾಡು ಶುರುವಾಗುವ ಮೊದಲು ಬಹಳ ಹೊತ್ತು ಬರೀ ವಾದ್ಯಗಳು ನುಡಿಯುವ ರಚನೆಯೊಂದಿದೆ. ಅವಸರವೇ ಧರ್ಮವಾಗಿದ್ದ ಪಂಕ್‌ನಲ್ಲಿ ಕೇಳುಗರನ್ನು ಹೀಗೆ ಕಾಯಿಸುವುದು ಸಣ್ಣ ಮಾತಲ್ಲ. 1978ರ ಆರಂಭದಲ್ಲಿ, ಲಂಡನ್ನಿನ ಇನ್ನೊಂದು ತಂಡದ ಹೆಸರಿನೊಂದಿಗೆ ಗೊಂದಲವಾಗಬಾರದೆಂದು, ವಾರ್ಸಾ 'ಜಾಯ್ ಡಿವಿಷನ್' ಆಯಿತು.

ಈ ತಂಡದ ಸಂಗೀತದ ಕತ್ತಲನ್ನು ಕರ್ಟಿಸ್ ಅವರ ಸಾಹಿತ್ಯಕ್ಕೆ ಮಾತ್ರ ಕಟ್ಟಿಹಾಕುವ ವಾಡಿಕೆಯಿದೆ. ನನಗೆ ಅದು ಅರ್ಧ ಸತ್ಯವಾಗಿ ಕಾಣುತ್ತದೆ, ಏಕೆಂದರೆ ಉಳಿದರ್ಧ ಉಪಕರಣಗಳಲ್ಲಿದೆ. ಹುಕ್ ಅವರ ಆಂಪ್ಲಿಫೈಯರ್ ಕಳಪೆಯದಾಗಿದ್ದು, ಸಮ್ನರ್ ಅವರ ಗಿಟಾರಿನ ಅಬ್ಬರದ ನಡುವೆ ಬೇಸಿನ ತಗ್ಗಿನ ಸ್ವರಗಳು ಅವರಿಗೇ ಕೇಳಿಸುತ್ತಿರಲಿಲ್ಲ. ಹಾಗಾಗಿ ಅವರು ಮೇಲಿನ ಸ್ವರಗಳಿಗೆ ಹತ್ತಿದರು. ಬೇಸ್ ರಾಗವನ್ನು ಹೊತ್ತುಕೊಂಡಾಗ ಗಿಟಾರಿಗೆ ಎಡೆಬಿಡದೆ ನುಡಿಯುವ ಅಗತ್ಯ ಉಳಿಯಲಿಲ್ಲ, ಹಾಡಿನ ನಡುವೆ ಖಾಲಿ ಜಾಗ ಹುಟ್ಟಿತು.

ಆ ಖಾಲಿ ಜಾಗವನ್ನೇ ವಾದ್ಯದಂತೆ ಬಳಸಿದವರು, ತಂಡದ ಹಾಡುಗಳನ್ನು ಹೊರತಂದ ಫ್ಯಾಕ್ಟರಿ ರೆಕಾರ್ಡ್ಸ್ ಸಂಸ್ಥೆಯ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್. 1979ರ ಏಪ್ರಿಲಿನಲ್ಲಿ ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ತಂಡದ ಮೊದಲ ಆಲ್ಬಮ್ 'ಅನ್‌ನೋನ್ ಪ್ಲೆಷರ್ಸ್' ಮುದ್ರಣವಾಗುವಾಗ ಅವರು ಒಂದೊಂದು ಡ್ರಮ್ಮನ್ನೂ ಬೇರೆಬೇರೆಯಾಗಿ ನುಡಿಸಿ ಮುದ್ರಿಸಿಕೊಂಡರು. ಒಂದರ ಸದ್ದು ಇನ್ನೊಂದರ ಮೈಕಿಗೆ ಸೋರದಿದ್ದುದರಿಂದ ಪ್ರತಿ ಪೆಟ್ಟಿಗೂ ತಮಗೆ ಬೇಕಾದ ದೂರವನ್ನೂ ಮಾರ್ದನಿಯನ್ನೂ ಸದ್ದನ್ನು ತುಸು ತಡಮಾಡಿ ಮರಳಿಸುವ ಡಿಜಿಟಲ್ ಡಿಲೇ ಯಂತ್ರದ ಮೂಲಕ ಕೊಡಲು ಅವರಿಗೆ ಸಾಧ್ಯವಾಯಿತು. ಲಿಫ್ಟಿನ ಸದ್ದು, ಗಾಜು ಒಡೆಯುವ ಸದ್ದು, ಒಂದು ಹಾಡಿನಲ್ಲಿ ತಾಳಕ್ಕೆ ಸರಿಯಾಗಿ ಸ್ಪ್ರೇ ಡಬ್ಬಿಯನ್ನು ಒತ್ತಿದ ಬುಸುಗುಟ್ಟುವಿಕೆ ಕೂಡ ಒಳಗೆ ಬಂದವು. ಕೇಳಿದರೆ, ಯಾರೂ ಇಲ್ಲದ ದೊಡ್ಡ ಕಟ್ಟಡವೊಂದರ ಬೇರೆಬೇರೆ ಮಹಡಿಗಳಲ್ಲಿ ನಿಂತು ನಾಲ್ವರು ನುಡಿಸುತ್ತಿರುವಂತೆ ಅನಿಸುತ್ತದೆ.

ವಿಚಿತ್ರವೆಂದರೆ, ಹುಕ್ ಮತ್ತು ಸಮ್ನರ್ ಇಬ್ಬರಿಗೂ ಇದು ಹಿಡಿಸಲಿಲ್ಲ. ವೇದಿಕೆಯ ಮೇಲೆ ತಂಡ ಇನ್ನೂ ಕಿವಿಗಡಚಿಕ್ಕುವ ಪಂಕ್ ತಂಡವೇ ಆಗಿತ್ತು, ತಟ್ಟೆಯೂ ಹಾಗೆಯೇ ಕೇಳಿಸಬೇಕೆಂಬುದು ಅವರ ಬಯಕೆಯಾಗಿತ್ತು. ಹ್ಯಾನೆಟ್ ಮಣಿಯಲಿಲ್ಲ. ಪಂಕ್‌ನಿಂದ ಬೆಳೆದ ಶೈಲಿಯಾದ 'ಪೋಸ್ಟ್-ಪಂಕ್' ಎಂದೊಡನೆ ಇಂದು ಹಲವರ ಕಿವಿಯಲ್ಲಿ ಮೊಳಗುವುದು ಅದನ್ನು ನುಡಿಸಿದವರಿಗೇ ಬೇಡವಾಗಿದ್ದ ನಾದ.

ಮುಂದಿನ ಹೆಜ್ಜೆಯಲ್ಲಿ ತಂಡದ ಕೈಯೂ ಇತ್ತು. ಬಿಡಿಭಾಗಗಳ ಕಿಟ್ ತರಿಸಿ ಸಮ್ನರ್ ತಾವೇ ಒಂದು ಸಿಂಥಸೈಜರ್ (ವಿದ್ಯುನ್ಮಾನದಿಂದ ನಾದ ಹುಟ್ಟಿಸುವ ವಾದ್ಯ) ಜೋಡಿಸಿಕೊಂಡಿದ್ದರು. 1980ರ ಮಾರ್ಚಿನಲ್ಲಿ ಲಂಡನ್ನಿನ ಬ್ರಿಟಾನಿಯಾ ರೋ ಸ್ಟುಡಿಯೋದಲ್ಲಿ ಸಿದ್ಧವಾದ ಎರಡನೆಯ ಆಲ್ಬಮ್ 'ಕ್ಲೋಸರ್'ನ ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಗಿಟಾರ್ ಬಹುತೇಕ ಹಿಂದೆ ಸರಿದು, ಕೀಬೋರ್ಡ್ ಮತ್ತು ಪಿಯಾನೋ ಮುಂದೆ ಬಂದಿವೆ, ಲಯ ಶವಯಾತ್ರೆಯಷ್ಟು ನಿಧಾನವಾಗಿದೆ. ಮೂರ್ಛೆರೋಗದಿಂದಲೂ ಖಿನ್ನತೆಯಿಂದಲೂ ಬಳಲುತ್ತಿದ್ದ ಕರ್ಟಿಸ್, ಅಮೆರಿಕ ಪ್ರವಾಸಕ್ಕೆ ಹೊರಡುವ ಹಿಂದಿನ ದಿನ, ಮೇ 18ರಂದು, 23ನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. 'ಕ್ಲೋಸರ್' ಜುಲೈನಲ್ಲಿ ಬಿಡುಗಡೆಯಾಯಿತು. ಉಳಿದ ಮೂವರು 'ನ್ಯೂ ಆರ್ಡರ್' ಎಂಬ ಹೆಸರಿನಲ್ಲಿ ಮುಂದುವರಿದು, ಸಿಂಥಸೈಜರನ್ನು ನೃತ್ಯಶಾಲೆಗಳತ್ತ ಒಯ್ದರು.