ಉಳಿದ 73 ಕೇಸು ಸುಳ್ಳೇ?

ಪ್ರಶ್ನೆ: ಅತ್ಯಾಚಾರದ ಕೇಸುಗಳಲ್ಲಿ ನೂರಕ್ಕೆ 27ರಲ್ಲಿ ಮಾತ್ರ ಶಿಕ್ಷೆಯಾಗುತ್ತದೆ ಎಂದು ಸರ್ಕಾರದ ಅಂಕಿಅಂಶವೇ ಹೇಳುತ್ತದೆ. ಹಾಗಾದರೆ ಉಳಿದ 73 ಸುಳ್ಳು ಕೇಸು ತಾನೇ ಸಾರ್?

ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದ್ದಾರೆ. ಕಪ್ಪು ಕೋಟು ಹಾಕಿದ ಕಿರಿಯ ವಕೀಲರೂ ಕೇಳುತ್ತಾರೆ, ಬೇಜಾರಾಗುವುದು ಅದಕ್ಕೇ. ಸರ್ಕಾರಿ ಅಭಿಯೋಜಕನಾಗಿ ವರ್ಷಗಟ್ಟಲೆ ಕೋರ್ಟಿನಲ್ಲಿ ನಿಂತವನು ನಾನು. ಇನ್ನೊಂದು ಸಲ, ನಿಧಾನವಾಗಿ ಹೇಳುತ್ತೇನೆ.

ಮೊದಲು ಆ ಅಂಕಿ ಎಲ್ಲಿಂದ ಬಂತು ನೋಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ, ವರ್ಷದ ವರದಿಯಲ್ಲಿ ಶಿಕ್ಷೆಯ ಪ್ರಮಾಣ ಕೊಡುತ್ತದೆ. 2022ರಲ್ಲಿ ಅತ್ಯಾಚಾರ ಕೇಸುಗಳಿಗೆ ಅದು 27.4. ಶಾಲೆಯಲ್ಲಿ ಕಲಿತ ಭಿನ್ನರಾಶಿ ನೆನಪಿಸಿಕೊಳ್ಳಿ. ಇಲ್ಲಿ ಅಂಶ ಶಿಕ್ಷೆಯಾದ ಕೇಸುಗಳು. ಛೇದ ಮಾತ್ರ ದಾಖಲಾದ ದೂರುಗಳಲ್ಲ, ಆ ವರ್ಷ ವಿಚಾರಣೆ ಮುಗಿದ ಕೇಸುಗಳು. ವರ್ಷದ ಕೊನೆಗೆ ವಿಚಾರಣೆಗೆ ಇದ್ದ ಐಪಿಸಿ (2024ರ ಜೂನ್‌ವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆ) ಕೇಸುಗಳಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಬಾಕಿಯೇ ಉಳಿಯುತ್ತವೆ. ಅವು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಉದಾಹರಣೆಗೆ ಒಂದು ಕೋರ್ಟಿನಲ್ಲಿ 100 ಕೇಸುಗಳಿವೆ, ಈ ವರ್ಷ 10 ಮುಗಿದವು, ಮೂರರಲ್ಲಿ ಶಿಕ್ಷೆಯಾಯಿತು ಎಂದುಕೊಳ್ಳಿ. ಪ್ರಮಾಣ 30. ಉಳಿದ 90ರ ಬಗ್ಗೆ ಈ 30 ಒಂದು ಮಾತನ್ನೂ ಹೇಳುವುದಿಲ್ಲ. ಮುಗಿದ ಆ ಹತ್ತೂ ಎಷ್ಟೋ ವರ್ಷ ಹಿಂದೆ ದಾಖಲಾದವು ಇರಬಹುದು.

ಸರಿ, ಮುಗಿದ ಕೇಸುಗಳಲ್ಲಾದರೂ 73 ಸುಳ್ಳಲ್ಲವೇ ಎಂದು ಮರುಪ್ರಶ್ನೆ ಬರುತ್ತದೆ. ಸುಳ್ಳು ಕೇಸಿನ ಲೆಕ್ಕ ಇರುವ ಜಾಗವೇ ಬೇರೆ. ತನಿಖೆಯಲ್ಲಿ ದೂರು ಸುಳ್ಳೆಂದು ಕಂಡರೆ ನಮ್ಮ ಕಡೆ ಪೊಲೀಸರು ಬಿ ರಿಪೋರ್ಟ್, ಅಂದರೆ ಕೇಸು ಮುಚ್ಚುವ ವರದಿ, ಹಾಕುತ್ತಾರೆ. ಎನ್‌ಸಿಆರ್‌ಬಿ ವರದಿಯಲ್ಲೂ ಸುಳ್ಳೆಂದು ಮುಚ್ಚಿದ ಕೇಸುಗಳಿಗೆ ಪ್ರತ್ಯೇಕ ಕಾಲಂ ಇದೆ, ಅದೂ ಪೊಲೀಸ್ ವಿಲೇವಾರಿಯ ಪಟ್ಟಿಯಲ್ಲಿ. ಕೋರ್ಟಿನ ಪಟ್ಟಿಗೆ ಬರುವುದು ಸಾಮಾನ್ಯವಾಗಿ ಸಾಕ್ಷ್ಯ ಇದೆಯೆಂದು ಪೊಲೀಸರೇ ಚಾರ್ಜ್‌ಶೀಟ್ ಹಾಕಿದ ಕೇಸು. ಅಲ್ಲಿ ಖುಲಾಸೆ ಎಂದರೆ ಆರೋಪ ಸಂಶಯಾತೀತವಾಗಿ ಸಾಬೀತಾಗಲಿಲ್ಲ ಎಂದಷ್ಟೇ ಅರ್ಥ. ಆರೋಪಿ ನಿಜಕ್ಕೂ ನಿರಪರಾಧಿ ಆಗಿರುವುದೂ ಉಂಟು, ಅಂಥವನನ್ನು ಬಿಡುವುದೇ ಕೋರ್ಟಿನ ಕೆಲಸ. ಆದರೆ ಖುಲಾಸೆ ಎಂಬ ಒಂದೇ ಪದ ನೋಡಿ ಯಾವುದು ಯಾವುದೆಂದು ಹೇಳಲಾಗದು. ದೂರು ಕೊಟ್ಟವರು ಬೇಕೆಂದೇ ಸುಳ್ಳು ಹೇಳಿದ್ದಾರೆಂದು ಕೋರ್ಟು ತೀರ್ಮಾನಿಸಬೇಕಾದರೆ ಅದಕ್ಕೆ ಕಾನೂನಿನಲ್ಲಿ ಬೇರೆಯೇ ದಾರಿ ಇದೆ.

ಖುಲಾಸೆ ಹೇಗಾಗುತ್ತದೆ ಎಂದು ಹತ್ತಿರದಿಂದ ತೋರಿಸುತ್ತೇನೆ. ಒಂದು ಕೇಸಿನಲ್ಲಿ ನೊಂದ ಹೆಣ್ಣುಮಗಳು ಸಾಕ್ಷಿಕಟ್ಟೆ ಹತ್ತಿದ್ದು ದೂರು ಕೊಟ್ಟ ಆರನೇ ವರ್ಷದಲ್ಲಿ. ಅದಕ್ಕೆ ಮುಂಚೆ ಏಳು ವಾಯಿದೆಗೆ ಬಂದು ವಾಪಸು ಹೋಗಿದ್ದಳು. ಅಷ್ಟರಲ್ಲಿ ಮದುವೆಯಾಗಿತ್ತು, ಮಗುವನ್ನು ಹೊರಗೆ ಬೆಂಚಿನ ಮೇಲೆ ತಾಯಿ ಎತ್ತಿಕೊಂಡು ಕೂತಿದ್ದರು. ನಾನು ಕೇಳಿದ ಮೊದಲ ಪ್ರಶ್ನೆಗೆ "ನನಗೇನೂ ನೆನಪಿಲ್ಲ ಸ್ವಾಮಿ" ಅಂದಳು. ಎರಡನೆಯದಕ್ಕೂ ಅದೇ ಉತ್ತರ. ಮಹಜರಿನ ಪಂಚರು, ಅಂದರೆ ಸ್ಥಳ ಪರಿಶೀಲನೆಗೆ ಸಾಕ್ಷಿಯಾಗಿ ಸಹಿ ಹಾಕಿದವರು, ಬಂದರು, ಸ್ಟೇಷನ್ನಿನಲ್ಲಿ ಸಹಿ ಹಾಕಿಸಿಕೊಂಡರು, ಓದಿ ಹೇಳಲಿಲ್ಲ ಅಂದರು. ಸಾಕ್ಷಿಗಳೆಲ್ಲ ಹಾಸ್ಟೈಲ್, ಅಂದರೆ ತಿರುಗಿಬಿದ್ದರು. ನ್ಯಾಯಾಧೀಶರು ಬೇರೇನು ಮಾಡಲಾದೀತು? ತಿಂಗಳ ಕೊನೆಗೆ ನಮ್ಮ ಕಚೇರಿಯಿಂದ ಹೋದ ತಃಖ್ತೆಯಲ್ಲಿ ಖುಲಾಸೆಯ ಕಾಲಂನಲ್ಲಿ ಒಂದು ಹೆಚ್ಚಾಯಿತು. ಅದೇ ತಿಂಗಳು ಗುರುತು ತಪ್ಪಿ ಸಿಕ್ಕಿಹಾಕಿಕೊಂಡಿದ್ದ ಹುಡುಗನೊಬ್ಬ ಬಿಡುಗಡೆಯಾಗಿದ್ದ. ಅವನೂ ಅದೇ ಕಾಲಂನಲ್ಲಿ ಇನ್ನೊಂದು. ಮೇಲಕ್ಕೆ ಹೋದದ್ದು "ಖುಲಾಸೆ: 2".

ನಮ್ಮ ಅಂಕಿಅಂಶದ ಕೊರತೆ ಇರುವುದು ಇಲ್ಲೇ. ತೀರ್ಪಿನ ಕೊನೆಯ ಪುಟಗಳಲ್ಲಿ ನ್ಯಾಯಾಧೀಶರು ಕಾರಣ ಬರೆದೇ ಇರುತ್ತಾರೆ. ವೈದ್ಯಕೀಯ ವರದಿ ಬರಲಿಲ್ಲ, ಸಾಕ್ಷಿ ತಿರುಗಿಬಿದ್ದ, ತನಿಖಾಧಿಕಾರಿ ಸಾಕ್ಷ್ಯ ಹೇಳಲಿಲ್ಲ, ರಾಜಿಯಾಯಿತು. ಕೋಷ್ಟಕಕ್ಕೆ ಏರುವಷ್ಟರಲ್ಲಿ ಆ ಕಾರಣ ಉದುರಿಹೋಗುತ್ತದೆ. 2014ರ ಜನವರಿಯಲ್ಲಿ ಗುಜರಾತ್ ಸರ್ಕಾರ ಮತ್ತು ಕಿಶನ್‌ಭಾಯಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿಯೊಂದು ಖುಲಾಸೆಗೂ ಕಾರಣ ಹುಡುಕಬೇಕು, ಅದಕ್ಕಾಗಿ ಪೊಲೀಸ್ ಮತ್ತು ಅಭಿಯೋಜನೆಯ ಹಿರಿಯ ಅಧಿಕಾರಿಗಳ ಸಮಿತಿ ಇರಬೇಕು ಎಂದು ರಾಜ್ಯಗಳಿಗೆ ಹೇಳಿತು. ಆಗಬೇಕಾದ ಮೊದಲ ಕೆಲಸ ಅದೇ: ಆ ಕಾರಣಗಳು ವಾರ್ಷಿಕ ವರದಿಯ ಕಾಲಂಗಳಾಗಿ ಬಂದರೆ 73ರ ವಾದ ಅಲ್ಲೇ ನಿಲ್ಲುತ್ತದೆ.

ಎರಡನೆಯ ಕೆಲಸ, ಒಂದು ಕೇಸಿಗೆ ಒಂದೇ ಗುರುತು. ಈಗ ಠಾಣೆಯಲ್ಲಿ ಅಪರಾಧ ಸಂಖ್ಯೆ ಬೀಳುತ್ತದೆ. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋದರೆ ಸಿ.ಸಿ. ನಂಬರು, ಸೆಷನ್ಸಿಗೆ ಒಪ್ಪಿಸಿದರೆ ಎಸ್.ಸಿ. ನಂಬರು. ನಾಲ್ವರು ಆರೋಪಿಗಳಲ್ಲಿ ಒಬ್ಬ ತಲೆಮರೆಸಿಕೊಂಡರೆ ಅವನದು ಸ್ಪ್ಲಿಟ್ ಅಪ್ ಕೇಸು, ಅದಕ್ಕೆ ಮತ್ತೊಂದು ನಂಬರು. ಒಂದು ಹೊಡೆದಾಟ ಠಾಣೆಯಲ್ಲಿ ಒಂದು, ಕೋರ್ಟಿನ ರಿಜಿಸ್ಟರುಗಳಲ್ಲಿ ಮೂರು. ತೀರ್ಪನ್ನು ಕೋರ್ಟ್ ಕಾನ್‌ಸ್ಟೇಬಲ್ ಬರೆದುಕೊಂಡು ಹೋಗಿ ಠಾಣೆಗೆ ಮುಟ್ಟಿಸುತ್ತಾರೆ, ಅದು ಪೊಲೀಸ್ ದಾರಿಯಲ್ಲಿ ಎನ್‌ಸಿಆರ್‌ಬಿಗೆ ಹೋಗುತ್ತದೆ. ಕೋರ್ಟಿನ ಕಂಪ್ಯೂಟರಿನಿಂದ ನೇರವಾಗಿ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಗ್ರಿಡ್‌ಗೆ ಹೋಗುವುದು ಬೇರೆಯೇ ಲೆಕ್ಕ. ಅಲ್ಲಿ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇದೆ, ನಮ್ಮ ರಾಜ್ಯದ್ದು ಕೆಎ ಎಂದು ಶುರುವಾಗುತ್ತದೆ. ಎಫ್‌ಐಆರ್‌ನಿಂದ ಮೇಲ್ಮನವಿಯವರೆಗೆ ಒಂದೇ ದಾರದಲ್ಲಿ ಪೋಣಿಸಿದರೆ 2019ರಲ್ಲಿ ದಾಖಲಾದ ಕೇಸುಗಳೆಲ್ಲ ಇವತ್ತು ಎಲ್ಲೆಲ್ಲಿವೆ ಎಂದು ಕೇಳಬಹುದು. ಅದೇ ನಿಜವಾದ ಪ್ರಶ್ನೆ. ಪೊಲೀಸ್, ಕೋರ್ಟು, ಜೈಲುಗಳ ಮಾಹಿತಿ ಬೆಸೆಯುವ ಐಸಿಜೆಎಸ್ ವ್ಯವಸ್ಥೆ ಇದೆ, ಇ-ಕೋರ್ಟ್ಸ್ ಮೂರನೇ ಹಂತಕ್ಕೆ 2023ರಲ್ಲಿ 7,210 ಕೋಟಿ ರೂಪಾಯಿ ಮಂಜೂರಾಗಿದೆ. ಹಾಗಾಗಿ ದುಡ್ಡಿಲ್ಲ, ಯಂತ್ರವಿಲ್ಲ ಎನ್ನುವ ಕಾಲ ಇದಲ್ಲ. ಬೇಗ ಪ್ರಕಟಿಸುವುದನ್ನೂ ಕಲಿಯಬೇಕು. ಎನ್‌ಸಿಆರ್‌ಬಿಯ 2023ರ ವರದಿ ಕೈಗೆ ಬಂದದ್ದು 2025ರ ಸೆಪ್ಟೆಂಬರ್ ಕೊನೆಗೆ.

ನೀವು ಕೇಳದಿದ್ದರೂ ಇನ್ನೊಂದು ಹೇಳಲೇಬೇಕು. ಶಿಕ್ಷೆಯ ಪ್ರಮಾಣ ಏರಿದರೆ ನ್ಯಾಯ ಹೆಚ್ಚಿತೇ? 2019ರಲ್ಲಿ ಐಪಿಸಿ ಕೇಸುಗಳ ಒಟ್ಟು ಪ್ರಮಾಣ 50.4 ಇತ್ತು, 2020ರಲ್ಲಿ 59.2 ಆಯಿತು. ಒಂದೇ ವರ್ಷಕ್ಕೆ ನಮ್ಮ ತನಿಖೆ ಅಷ್ಟು ಸುಧಾರಿಸಿತೇ? ಅದು ಲಾಕ್‌ಡೌನ್ ವರ್ಷ. ಸರ್ಕಾರಿ ಆದೇಶ ಮೀರಿದ್ದಕ್ಕೆ ಆಗ ಹಾಕುತ್ತಿದ್ದ ಐಪಿಸಿ 188ನೇ ಸೆಕ್ಷನ್ ಕೇಸುಗಳು 29,469ರಿಂದ 6,12,179ಕ್ಕೆ ಹಾರಿದವು. ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋದರೂ ಕಾಲಂನಲ್ಲಿ ಶಿಕ್ಷೆಯೇ, ಕೊಲೆಗೆ ಜೀವಾವಧಿಯಾದರೂ ಶಿಕ್ಷೆಯೇ. ಎರಡನ್ನೂ ಕೂಡಿಸಿದ ಒಟ್ಟು ಪ್ರಮಾಣ ಹಿಡಿದು ರಾಜ್ಯ ರಾಜ್ಯಗಳನ್ನು ಹೋಲಿಸಬೇಡಿ.

ಜಪಾನಿನಲ್ಲಿ 99ಕ್ಕೂ ಮೇಲಂತೆ ಎನ್ನುತ್ತಾರೆ. ನಿಜ. ಅಲ್ಲಿ ಅಭಿಯೋಜಕರು ಗೆಲ್ಲುವ ಭರವಸೆ ಇಲ್ಲದ ಕೇಸನ್ನು ಕೋರ್ಟಿಗೇ ತರುವುದಿಲ್ಲ, ಸಾಕ್ಷ್ಯವಿದ್ದರೂ ಬಿಡುವ ಅಧಿಕಾರವೂ ಅವರಿಗಿದೆ. ನಮ್ಮಲ್ಲಿ ಚಾರ್ಜ್‌ಶೀಟ್ ತನಿಖಾಧಿಕಾರಿಯ ತೀರ್ಮಾನ. ಅಭಿಯೋಜಕರ ಅಭಿಪ್ರಾಯ ಪಡೆದೇ ಹಾಕಬೇಕೆಂದು ತನಿಖಾಧಿಕಾರಿಗೆ ನಿರ್ದೇಶಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಆರ್. ಸರಳಾ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಆ 99ನ್ನು ನಮ್ಮ ಅಂಕಿಯ ಪಕ್ಕ ಇಡಬೇಕೆಂದಿದ್ದರೆ, ಅಲ್ಲಿ ಕೋರ್ಟಿನ ಮೆಟ್ಟಿಲು ಹತ್ತದೆ ಉಳಿದ ಕೇಸುಗಳ ಲೆಕ್ಕವನ್ನೂ ಜೊತೆಗೇ ತರಬೇಕಾಗುತ್ತದೆ.