‘ಪರ್ಮನೆಂಟ್’ ಮಂತ್ರಕ್ಕೆ ಡಿಸ್ಪೆಲ್ ಮ್ಯಾಜಿಕ್ ನಾಟುತ್ತದೆಯೇ?

ಪ್ರಶ್ನೆ: ಶಿರಸಿಯಲ್ಲಿ ನಾವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಉರುಳಿಸಿ ಕಥೆ ಕಟ್ಟುವ ಪಾತ್ರಾಭಿನಯದ ಆಟ) ಆಡುವಾಗ ಶತ್ರು ಡಿಸ್ಪೆಲ್ ಮ್ಯಾಜಿಕ್ (ಬೇರೆ ಮಂತ್ರಗಳನ್ನು ಅಳಿಸುವ ಮಂತ್ರ) ಹಾಕಿದ. ನನ್ನ ಕಂಟಿನ್ಯುಯಲ್ ಫ್ಲೇಮ್ (ಸದಾ ಉರಿಯುವ ಜ್ವಾಲೆಯ ಮಂತ್ರ) ಆರಿಹೋಯಿತು ಅಂದರು ಡಿಎಂ (ಆಟ ನಡೆಸುವವರು). ಅದು ಪರ್ಮನೆಂಟ್ ಅಲ್ವಾ?

ಉತ್ತರ: ಡಿಎಂ ಹೇಳಿದ್ದೇ ಸರಿ. ಮಂತ್ರಕ್ಕೆ ಹಾಕಿದ 50 ಚಿನ್ನದ ನಾಣ್ಯ ಬೆಲೆಯ ಮಾಣಿಕ್ಯದ ಪುಡಿ ಹೋಯ್ತಲ್ಲ ಅಂತ ಹೊಟ್ಟೆ ಉರಿಯುವುದು ಸಹಜ. ಆದರೆ ಅದು ಎರಡನೇ ಲೆವೆಲ್ (ಶಕ್ತಿಯ ಮಟ್ಟ) ಮಂತ್ರ. ಮೂರನೇ ಲೆವೆಲ್‌ವರೆಗಿನದ್ದನ್ನು ಡಿಸ್ಪೆಲ್ ಮ್ಯಾಜಿಕ್ ದಾಳ ಉರುಳಿಸದೆಯೇ ಮುಗಿಸುತ್ತದೆ.

‘ಸದಾ ಇರುವ ಮಂತ್ರವನ್ನು ತೆಗೆಯಲು ಆಗುವುದೇ ಇಲ್ಲ’ ಎಂಬ ನಂಬಿಕೆ ಕಾರವಾರದಲ್ಲೂ ಇದೆ, ಶಿರಸಿಯಲ್ಲೂ ಇದೆ. ಎಷ್ಟು ಸಲ ಹೇಳಿದರೂ ಹೋಗುತ್ತಿಲ್ಲ. ದಯವಿಟ್ಟು ಮಂತ್ರದ ಅವಧಿಯ ಸಾಲು ಓದಿ. ಕಂಟಿನ್ಯುಯಲ್ ಫ್ಲೇಮ್, ಆರ್ಕೇನ್ ಲಾಕ್ (ಬಾಗಿಲಿಗೆ ಹಾಕುವ ಮಾಯಾ ಬೀಗ), ಹ್ಯಾಲೋ (ಜಾಗವನ್ನು ಪವಿತ್ರಗೊಳಿಸುವ ಮಂತ್ರ), ಎಲ್ಲದರಲ್ಲೂ ‘ಡಿಸ್ಪೆಲ್ ಆಗುವವರೆಗೆ’ ಎಂದೇ ಬರೆದಿದೆ. ಹ್ಯಾಲೋ ಐದನೇ ಲೆವೆಲ್. ಅದನ್ನು ತೆಗೆಯಲು ದಾಳ ಉರುಳಿಸಿ ಮುಟ್ಟಬೇಕಾದ ಗುರಿ ಸಂಖ್ಯೆ 10ಕ್ಕೆ 5 ಸೇರಿಸಿ 15. ಡಿಸ್ಪೆಲ್ ಹಾಕಲು ಐದನೇ ಲೆವೆಲ್ ಸ್ಲಾಟ್ (ಮಂತ್ರ ಹಾಕಲು ಖರ್ಚಾಗುವ ಶಕ್ತಿಯ ಪಾಲು) ಖರ್ಚು ಮಾಡಿದರೆ ದಾಳವೂ ಬೇಡ.

ಡಿಸ್ಪೆಲ್‌ಗೆ ಸಿಗದಿರುವುದು ಕ್ಷಣದಲ್ಲೇ ಮುಗಿಯುವ ಮಂತ್ರಗಳ ಫಲ. ಒಲೆ ಆರಿಸಿದರೆ ಆಲೆಮನೆಯ ಬೆಲ್ಲ ಮತ್ತೆ ಕಬ್ಬಿನಹಾಲು ಆಗುತ್ತದಾ? ಕ್ಯೂರ್ ವೂಂಡ್ಸ್‌ನಿಂದ ವಾಸಿಯಾದ ಗಾಯವೂ ಹಾಗೆಯೇ. ತೆಗೆಯಲು ಅಲ್ಲಿ ಮಂತ್ರವೇ ಉಳಿದಿರುವುದಿಲ್ಲ. ಐದನೇ ಆವೃತ್ತಿಯ 2014ರ ನಿಯಮ ಪುಸ್ತಕದ ಅನಿಮೇಟ್ ಡೆಡ್ (ಸತ್ತವರನ್ನು ಎಬ್ಬಿಸಿ ಆಳಾಗಿಸುವ ಮಂತ್ರ) ಕೂಡ ಇದೇ ಗುಂಪಿನದು. ಎದ್ದು ನಿಂತ ಅಸ್ಥಿಪಂಜರ ಡಿಸ್ಪೆಲ್‌ಗೆ ಬೀಳುವುದಿಲ್ಲ. 24 ಗಂಟೆಯೊಳಗೆ ಮತ್ತೆ ಮಂತ್ರ ಹಾಕದಿದ್ದರೆ ಅದು ನಿಮ್ಮ ಮಾತು ಕೇಳುವುದಿಲ್ಲ, ಅಷ್ಟೇ.

‘ಸದಾ ಇರುವುದನ್ನು ತೆಗೆಯಲಾಗದು’ ಎಂಬ ತಪ್ಪು ನಂಬಿಕೆಗೆ ಕಲ್ಲಿನ ಗೋಡೆ ಎಬ್ಬಿಸುವ ವಾಲ್ ಆಫ್ ಸ್ಟೋನ್ ಮಂತ್ರ ಕೂಡ ಕಾರಣ ಇರಬಹುದು. ಮಂತ್ರ ಹಾಕಿದವರ ಏಕಾಗ್ರತೆ ಪೂರ್ತಿ 10 ನಿಮಿಷ ಕೆಡದಿದ್ದರೆ ಆ ಗೋಡೆ ಕಾಯಂ ಆಗುತ್ತದೆ, ಡಿಸ್ಪೆಲ್ ಆಗುವುದಿಲ್ಲ. ಆದರೆ ಆ ಮಾತನ್ನು ಅದರ ವಿವರಣೆಯಲ್ಲೇ ಬಿಡಿಸಿ ಬರೆದಿದ್ದಾರೆ. ಒಂದು ಮಂತ್ರಕ್ಕೆ ಕೊಟ್ಟ ವಿನಾಯಿತಿಯನ್ನು ಸುಮ್ನೆ ಎಲ್ಲದಕ್ಕೂ ಹಚ್ಚಬೇಡಿ.

ಇಷ್ಟು ಹೇಳಿದ ಮೇಲೆ ಮಾಯಾ ಕತ್ತಿಯ ವಿಷಯವನ್ನೂ ಹೇಳಿಬಿಡುತ್ತೇನೆ. ನಾವು ಇಲ್ಲಿಯವರೆಗೆ ಮಾತಾಡಿದ ಐದನೇ ಆವೃತ್ತಿಯಲ್ಲಿ ಡಿಸ್ಪೆಲ್ ಮ್ಯಾಜಿಕ್ ಮುಗಿಸುವುದು ಮಂತ್ರಗಳನ್ನು ಮಾತ್ರ. ಕತ್ತಿಯ ಸ್ವಂತ ಶಕ್ತಿಗೆ ಏನೂ ಆಗದು. ಯಾರೋ ಅದರ ಮೇಲೆ ಹಾಕಿದ ಮಂತ್ರ ಮಾತ್ರ ಹೋಗುತ್ತದೆ. ಹಳೆಯ 3.5 ಆವೃತ್ತಿಯಲ್ಲಿ ಬೇರೆ ಲೆಕ್ಕ: ಕತ್ತಿಗೇ ಗುರಿಯಿಟ್ಟು ದಾಳದಲ್ಲಿ ಗೆದ್ದರೆ ಅದರ ಶಕ್ತಿ ಕಾಳಗದ 1ರಿಂದ 4 ಸುತ್ತು ಅಡಗಿರುತ್ತದೆ, ಆಮೇಲೆ ತಾನಾಗಿ ಮರಳುತ್ತದೆ. ಹಳೆ ಪುಸ್ತಕದವರ ಜೊತೆ ಆಡುವುದಾದರೆ ಯಾವ ಆವೃತ್ತಿ ಎಂದು ಮೊದಲೇ ಕೇಳಿಕೊಳ್ಳಿ.